ಜಗತ್ತು ಓದಿದ ಮೇಷ್ಟ್ರು, ನಾವು ಮರೆತ ಚಂದ್ರಶೇಖರ್

ಮೇ ತಿಂಗಳ ಮಧ್ಯಾಹ್ನ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಬಿಸಿಲು 42 ಡಿಗ್ರಿ ದಾಟಿದಾಗ, ನಿಲ್ಲಿಸಿದ ಜೀಪಿನ ಗಾಜಿನ ಹಿಂದೆ ಮರೆತು ಬಿಟ್ಟ ಕ್ಯಾಲ್ಕುಲೇಟರ್ ಒಮ್ಮೊಮ್ಮೆ ಪೂರ್ತಿ ಕಪ್ಪಾಗಿಬಿಡುತ್ತದೆ. ಕೆಟ್ಟೇಹೋಯಿತು ಅನ್ನಿಸುತ್ತದೆ. ನೆರಳಿಗೆ ತಂದು ಸ್ವಲ್ಪ ಹೊತ್ತು ಬಿಟ್ಟರೆ ಅಂಕಿಗಳು ತಾವಾಗಿಯೇ ಮತ್ತೆ ಮೂಡುತ್ತವೆ. ಎರಡು ಗಾಜಿನ ಹಾಳೆಗಳ ನಡುವೆ, ಕೂದಲೆಳೆಗಿಂತಲೂ ತೆಳ್ಳಗೆ, ಅಲ್ಲಿ ಒಂದು ದ್ರವವಿದೆ. ಅದು ನೀರಿನಂತೆ ಹರಿಯಬಲ್ಲದು, ಆದರೂ ಅದರ ಅಣುಗಳು ಹರಳಿನಲ್ಲಿರುವಂತೆ ಒಂದೇ ದಿಕ್ಕಿಗೆ ಮುಖ ಮಾಡಿ ಸಾಲುಗಟ್ಟಿರುತ್ತವೆ. ಮಿತಿ ಮೀರಿ ಕಾದರೆ ಸಾಲು ಚದುರಿ ಅದು ಬರೀ ದ್ರವವಾಗುತ್ತದೆ, ಪರದೆ ಕಪ್ಪಾಗುತ್ತದೆ. ತಣ್ಣಗಾದರೆ ಸಾಲು ಮತ್ತೆ ಕೂಡಿಕೊಳ್ಳುತ್ತದೆ. ಇದೇ ಲಿಕ್ವಿಡ್ ಕ್ರಿಸ್ಟಲ್, ದ್ರವಸ್ಫಟಿಕ. ಎಲ್‌ಸಿಡಿ ಎಂಬ ಹೆಸರಿನ ಮೊದಲೆರಡು ಅಕ್ಷರ ಇದರದೇ.

ಈ ವಿಚಿತ್ರ ದ್ರವ್ಯದ ವಿಜ್ಞಾನಕ್ಕೆ ಕರ್ನಾಟಕದ ನೆಲದಲ್ಲಿ ಅಡಿಪಾಯ ಹಾಕಿದವರು ಒಬ್ಬ ಭೌತಶಾಸ್ತ್ರದ ಪ್ರಾಧ್ಯಾಪಕರು. ಮೈಸೂರಿನಲ್ಲಿ ಪಾಠ ಹೇಳಿ, ಬೆಂಗಳೂರಿನಲ್ಲಿ ಪ್ರಯೋಗ ಮಾಡಿ, ದ್ರವ್ಯದ ಹೊಚ್ಚ ಹೊಸ ಸ್ಥಿತಿಯೊಂದನ್ನು ಜಗತ್ತಿಗೆ ತೋರಿಸಿದವರು. ಹೆಸರು ಶಿವರಾಮಕೃಷ್ಣ ಚಂದ್ರಶೇಖರ್. ಹೆಸರು ಹೇಳಿದ ಕೂಡಲೇ ನಮ್ಮ ವಿದ್ಯಾರ್ಥಿಗಳು ನೊಬೆಲ್ ಪಡೆದ ಖಗೋಳ ವಿಜ್ಞಾನಿ ಚಂದ್ರಶೇಖರ್ ಎಂದುಕೊಳ್ಳುತ್ತಾರೆ. ಅವರು ಸರ್ ಸಿ.ವಿ. ರಾಮನ್ ಅವರ ಅಣ್ಣನ ಮಗ. ಇವರು ರಾಮನ್ ಅವರ ಸೋದರಳಿಯ. ಒಂದೇ ಮನೆತನದ ಇಬ್ಬರು ಭೌತವಿಜ್ಞಾನಿಗಳಿಗೆ ಒಂದೇ ಹೆಸರಾದದ್ದರಿಂದ, ನಮ್ಮೊಂದಿಗೆ ಬದುಕಿ ಇಲ್ಲೇ ದುಡಿದವರ ಹೆಸರು ದೂರದ ಷಿಕಾಗೋದಲ್ಲಿದ್ದವರ ಕೀರ್ತಿಯಲ್ಲಿ ಮುಚ್ಚಿಹೋಯಿತು. ಇದು ನನಗೆ ಬೇಸರದ ಸಂಗತಿ.

ಹುಟ್ಟಿದ್ದು 1930ರ ಆಗಸ್ಟ್ 6ರಂದು, ಕೋಲ್ಕತ್ತದಲ್ಲಿ. ಮನೆಯೇ ಒಂದು ಪ್ರಯೋಗಶಾಲೆಯಂತಿತ್ತು ಎಂದರೆ ಅತಿಶಯವಲ್ಲ: ಅಣ್ಣ ಎಸ್. ರಾಮಶೇಷನ್ ಹರಳುಗಳ ರಚನೆಯ ವಿಜ್ಞಾನದಲ್ಲಿ ಹೆಸರಾದವರು, ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದವರು, ತಮ್ಮ ಎಸ್. ಪಂಚರತ್ನಂ ಬೆಳಕಿನ ಧ್ರುವೀಕರಣದ ಬಗ್ಗೆ ಮಾಡಿದ ಕೆಲಸ ಅವರ ಹೆಸರಿನಲ್ಲೇ ಇಂದಿಗೂ ಪಠ್ಯಗಳಲ್ಲಿದೆ. ಚಂದ್ರಶೇಖರ್ ನಾಗಪುರ ವಿಶ್ವವಿದ್ಯಾಲಯದಲ್ಲಿ 1951ರಲ್ಲಿ ಎಂ.ಎಸ್ಸಿ. ಮುಗಿಸಿ ಬೆಂಗಳೂರಿಗೆ ಬಂದು, ಆಗಷ್ಟೇ ತಲೆ ಎತ್ತಿದ್ದ ರಾಮನ್ ಸಂಶೋಧನಾ ಸಂಸ್ಥೆಯ ಮೊದಮೊದಲ ಸಂಶೋಧಕರಲ್ಲಿ ಒಬ್ಬರಾದರು. ಹರಳುಗಳೊಳಗೆ ಹಾಯುವ ಬೆಳಕು ಹೇಗೆ ತಿರುಚಿಕೊಳ್ಳುತ್ತದೆ ಎಂಬುದನ್ನು ಸೋದರಮಾವನ ಕೈಕೆಳಗೆ ಅಳೆದರು. 1954ರಲ್ಲಿ ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯ, ಅಲ್ಲಿಂದ ಲಂಡನ್. ಅಲ್ಲೇ ನೆಲೆಯೂರಬಹುದಿತ್ತು. ಊರಲಿಲ್ಲ.

1961ರಲ್ಲಿ ಅವರು ಆರಿಸಿಕೊಂಡದ್ದು ಮೈಸೂರು ವಿಶ್ವವಿದ್ಯಾಲಯವನ್ನು. ಅದುವರೆಗೂ ಆ ವಿಶ್ವವಿದ್ಯಾಲಯದ ಉನ್ನತ ವಿಜ್ಞಾನ ಶಿಕ್ಷಣ ಎಂದರೆ ಬೆಂಗಳೂರಿನ ಸೆಂಟ್ರಲ್ ಕಾಲೇಜು. ಕುವೆಂಪು ಕುಲಪತಿಗಳಾಗಿದ್ದಾಗ ಕನಸು ಕಂಡು ಹೆಸರಿಟ್ಟ ಮಾನಸಗಂಗೋತ್ರಿಯಲ್ಲಿ ಸ್ನಾತಕೋತ್ತರ ವಿಭಾಗಗಳು ಆಗ ತಾನೇ ಬೇರು ಬಿಡುತ್ತಿದ್ದವು. ಮೂವತ್ತೊಂದರ ಹರೆಯದ ಚಂದ್ರಶೇಖರ್ ಅಲ್ಲಿನ ಭೌತಶಾಸ್ತ್ರ ವಿಭಾಗದ ಮೊದಲ ಪ್ರಾಧ್ಯಾಪಕರೂ ಮುಖ್ಯಸ್ಥರೂ ಆದರು. ಕೇಂಬ್ರಿಜ್‌ನಲ್ಲಿದ್ದ ಯಂತ್ರಗಳು ಇಲ್ಲಿಲ್ಲ. ಇರುವುದರಲ್ಲೇ ಏನು ಮಾಡಬಹುದು, ಯಾವ ಪ್ರಶ್ನೆಗೆ ಬುದ್ಧಿ ಹೆಚ್ಚು, ಹಣ ಕಡಿಮೆ ಬೇಕು ಎಂದು ಲೆಕ್ಕ ಹಾಕುವವನೇ ಇಂಥ ಕಡೆ ಉಳಿಯುತ್ತಾನೆ. ಅವರ ಕಣ್ಣು ದ್ರವಸ್ಫಟಿಕದ ಮೇಲೆ ಬಿತ್ತು. ಅಮೆರಿಕದ ಆರ್‌ಸಿಎ ಕಂಪನಿ ಮೊದಲ ಎಲ್‌ಸಿಡಿಯನ್ನು ಲೋಕಕ್ಕೆ ತೋರಿಸಿದ್ದು 1968ರಲ್ಲಿ. ಅದಕ್ಕೂ ಮುಂಚೆಯೇ ಮೈಸೂರಿನಲ್ಲಿ ಈ ಕೆಲಸ ಶುರುವಾಗಿತ್ತು. ಮಾರುಕಟ್ಟೆಯ ಗಾಳಿ ನೋಡಿ ಹೊರಟವರಲ್ಲ ಅವರು.

ಮೈಸೂರಿನ ಆ ಹತ್ತು ವರ್ಷಗಳಲ್ಲಿ ಅವರು ಸಂಪಾದಿಸಿದ ಆಸ್ತಿ ಎಂದರೆ ವಿದ್ಯಾರ್ಥಿಗಳು. ಎನ್.ವಿ. ಮಧುಸೂದನ, ಆರ್. ಶಶಿಧರ್ ಅವರಂಥ ಹುಡುಗರು ಮೇಷ್ಟ್ರ ಜೊತೆ ಬೆಳೆದರು. ಅಣುಗಳು ಯಾಕೆ ಸಾಲುಗಟ್ಟುತ್ತವೆ ಎಂಬ ಸಿದ್ಧಾಂತ, ಬೆಳಕು ಅವುಗಳ ನಡುವೆ ಹೇಗೆ ನಡೆದುಕೊಳ್ಳುತ್ತದೆ ಎಂಬ ಗಣಿತ, ಹೆಚ್ಚಿನ ಒತ್ತಡದಲ್ಲಿ ಏನಾಗುತ್ತದೆ ಎಂಬ ಪ್ರಯೋಗ — ಎಲ್ಲವೂ ಈ ಗುಂಪಿನಿಂದ ಬಂತು. ಮಧುಸೂದನ ಅವರು ಮುಂದೆ 1989ರಲ್ಲಿ ಭಟ್ನಾಗರ್ ಪ್ರಶಸ್ತಿ ಪಡೆದರು. ಗುರುಗಳಿಗೆ ಅದು 1972ರಲ್ಲಿ ಬಂದಿತ್ತು. ಗುರು ಪಡೆದ ಪ್ರಶಸ್ತಿಯನ್ನೇ ಶಿಷ್ಯನೂ ಪಡೆಯುವುದಕ್ಕಿಂತ ದೊಡ್ಡ ಸಾಕ್ಷಿ ಒಬ್ಬ ಅಧ್ಯಾಪಕನ ಕೆಲಸಕ್ಕೆ ಬೇಕಿಲ್ಲ.

1970ರ ನವೆಂಬರಿನಲ್ಲಿ ರಾಮನ್ ತೀರಿಕೊಂಡರು. ಮರುವರ್ಷ ಚಂದ್ರಶೇಖರ್ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವಸ್ಫಟಿಕ ಪ್ರಯೋಗಾಲಯ ಕಟ್ಟಿದರು. ಒಬ್ಬರೇ ಬರಲಿಲ್ಲ, ಮೈಸೂರಿನ ಶಿಷ್ಯರನ್ನೂ ಕರೆತಂದರು. ರಸಾಯನ ವಿಜ್ಞಾನಿ ಬಿ.ಕೆ. ಸದಾಶಿವ ಜೊತೆಗೂಡಿದರು. ಬೇಕಾದ ಅಣುವನ್ನು ಪೇಟೆಯಿಂದ ತರಿಸುವ ಬದಲು ತಾವೇ ತಯಾರಿಸಿ, ತಾವೇ ಪರೀಕ್ಷಿಸಿ, ತಾವೇ ಲೆಕ್ಕ ಹಾಕುವ ಏರ್ಪಾಡು ಒಂದೇ ಸೂರಿನಡಿ ಸಿದ್ಧವಾಯಿತು. ಮುಂದಿನ ಕಥೆಗೆ ಇದೇ ಕಾರಣ.

1888ರಲ್ಲಿ ಪ್ರಾಗ್ ನಗರದ ಸಸ್ಯವಿಜ್ಞಾನಿ ಫ್ರೆಡ್ರಿಕ್ ರೈನಿಟ್ಜರ್ ಕೊಲೆಸ್ಟರಾಲಿನಿಂದ ಮಾಡಿದ ಒಂದು ವಸ್ತುವನ್ನು ಕಾಯಿಸುತ್ತಿದ್ದಾಗ ಅದು ಎರಡು ಸಲ ಕರಗಿತು. 145 ಡಿಗ್ರಿಯ ಹತ್ತಿರ ಕರಗಿ ಮಬ್ಬು ದ್ರವವಾಯಿತು. 178ರ ಹತ್ತಿರ ಇದ್ದಕ್ಕಿದ್ದಂತೆ ತಿಳಿಯಾಯಿತು. ನಡುವಿನ ಆ ಮಬ್ಬು ದ್ರವವೇ ಮೊದಲು ಕಂಡ ದ್ರವಸ್ಫಟಿಕ. ಅಲ್ಲಿಂದ ಮುಂದೆ ಕಾಯಿಸಿದಾಗ ಹೀಗಾಗುವ ಶುದ್ಧ ವಸ್ತುಗಳು ಎಷ್ಟೋ ಸಿಕ್ಕವು. ಅವೆಲ್ಲದರ ಅಣುಗಳೂ ಉದ್ದನೆಯವು, ಕಡ್ಡಿಯ ಆಕಾರದವು. ಉದ್ದ ಅಣುವಿದ್ದರೆ ಮಾತ್ರ ಸಾಲು ಎಂಬುದು ಹೆಚ್ಚುಕಡಿಮೆ ನಿಯಮವೇ ಆಗಿಹೋಗಿತ್ತು, ಸುಮಾರು 90 ವರ್ಷ.

ಬೆಂಗಳೂರಿನ ಗುಂಪು ಕೇಳಿದ ಪ್ರಶ್ನೆ ಸರಳ: ಚಪ್ಪಟೆ ಅಣುಗಳು ಯಾಕೆ ಸಾಲುಗಟ್ಟಬಾರದು? ನಡುವೆ ಗಟ್ಟಿಯಾದ, ಸಮತಟ್ಟಾದ ಬೆಂಜೀನ್ ಉಂಗುರ. ಅದರ ಆರೂ ಮೂಲೆಗಳಿಗೆ ಮೆತ್ತನೆಯ, ಬಳುಕುವ ಆರು ಬಾಲಗಳು. ಇಂಥ ಅಣುಗಳನ್ನು ಸದಾಶಿವ ತಯಾರಿಸಿದರು. ಬಿಳಿಯ ಪುಡಿಯನ್ನು ಚಿಟಿಕೆಯಷ್ಟು ಗಾಜಿನ ಪಟ್ಟಿಯ ಮೇಲಿಟ್ಟು ಧ್ರುವೀಕರಿಸುವ ಸೂಕ್ಷ್ಮದರ್ಶಕದ ಕೆಳಗೆ ಮೆಲ್ಲಗೆ ಕಾಯಿಸಬೇಕು. ಬರೀ ದ್ರವವಾಗಿ ಕರಗಿದರೆ ನೋಟ ಪೂರ್ತಿ ಕತ್ತಲಾಗಬೇಕು. ಇಲ್ಲಿ 80 ಡಿಗ್ರಿ ದಾಟಿ ಪುಡಿ ಕರಗಿದ ಮೇಲೂ, ಇನ್ನೂ ಕೆಲವು ಡಿಗ್ರಿಗಳ ತನಕ, ಬೆಳಕು ಹಾಯುತ್ತಲೇ ಇತ್ತು. ಬಾಲಗಳು ಕರಗಿದ್ದವು, ನಡುವಣ ತಟ್ಟೆಗಳು ಒಂದರ ಮೇಲೊಂದು ಕೂತೇ ಇದ್ದವು. ಎಕ್ಸ್-ಕಿರಣ ಹಾಯಿಸಿ ನೋಡಿದಾಗ ಚಿತ್ರ ಸ್ಪಷ್ಟವಾಯಿತು. ನಮ್ಮ ಕಡೆ ಮದುವೆ ಮನೆಯಲ್ಲಿ ಜೋಳದ ರೊಟ್ಟಿಯನ್ನು ಒಟ್ಟಿದ ಒಟ್ಟಿಲುಗಳನ್ನು ನೆನಪು ಮಾಡಿಕೊಳ್ಳಿ. ಒಂದೊಂದು ಒಟ್ಟಿಲಿನೊಳಗೆ ರೊಟ್ಟಿಗಳು ಅಷ್ಟು ಅಚ್ಚುಕಟ್ಟಲ್ಲ, ಎರಡರ ನಡುವಿನ ಅಂತರ ಹೆಚ್ಚುಕಡಿಮೆ. ಆದರೆ ಒಟ್ಟಿಲುಗಳು ಮಾತ್ರ ಪಕ್ಕಪಕ್ಕದಲ್ಲಿ ಲೆಕ್ಕ ಹಾಕಿ ನಿಲ್ಲಿಸಿದಂತೆ, ಒಂದರ ಸುತ್ತ ಆರು. ಕಂಬದ ಉದ್ದಕ್ಕೂ ದ್ರವ, ಅಡ್ಡಲಾಗಿ ನೋಡಿದರೆ ಹರಳು. ಚಪ್ಪಟೆ ಅಣುಗಳ ಶುದ್ಧ ವಸ್ತುವಿನಲ್ಲಿ ಇಂಥ ದ್ರವ್ಯಸ್ಥಿತಿಯನ್ನು ಬಹುಶಃ ಅದುವರೆಗೆ ಯಾರೂ ತೋರಿಸಿರಲಿಲ್ಲ.

ಚಂದ್ರಶೇಖರ್, ಸದಾಶಿವ, ಕೆ.ಎ. ಸುರೇಶ್ ಮೂವರೂ ಸೇರಿ ಇದನ್ನು 1977ರಲ್ಲಿ ಪ್ರಕಟಿಸಿದರು. ಎಲ್ಲಿ ಗೊತ್ತೆ? ಲಂಡನ್ನಿನ ದೊಡ್ಡ ಪತ್ರಿಕೆಯಲ್ಲಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 1973ರಲ್ಲಿ ಶುರು ಮಾಡಿದ್ದ ‘ಪ್ರಮಾಣ’ ಎಂಬ ಪತ್ರಿಕೆಯಲ್ಲಿ. ಹತ್ತು ಪುಟ. ಜಗತ್ತಿನಲ್ಲೇ ಮೊದಲು ಎಂದು ಡಂಗುರ ಹೊಡೆಯದೆ, ಬಹುಶಃ ಮೊದಲು ಎಂದಷ್ಟೇ ಬರೆದುಕೊಂಡಿದ್ದಾರೆ. ಒಳ್ಳೆಯ ಕೆಲಸ ವಿದೇಶಿ ಪತ್ರಿಕೆಗೆ, ಉಳಿದದ್ದು ನಮ್ಮದಕ್ಕೆ ಎಂಬ ರೂಢಿ ಆಗಲೂ ಇತ್ತು, ಈಗಲೂ ಇದೆ. ತಮ್ಮ ಜೀವಮಾನದ ಶ್ರೇಷ್ಠ ಕೆಲಸವನ್ನು ಇವರು ನಾಲ್ಕೇ ವರ್ಷದ ಭಾರತೀಯ ಪತ್ರಿಕೆಗೆ ಕೊಟ್ಟರು. ಜಗತ್ತು ಅದನ್ನು ಹುಡುಕಿಕೊಂಡು ಬಂದು ಓದಿತು. ಈ ನಿರ್ಧಾರವನ್ನು ನಾನು ಆ ಶೋಧದಷ್ಟೇ ದೊಡ್ಡದೆಂದು ಎಣಿಸುತ್ತೇನೆ.

ಅದೇ 1977ರಲ್ಲಿ ಅವರ ‘ಲಿಕ್ವಿಡ್ ಕ್ರಿಸ್ಟಲ್ಸ್’ ಗ್ರಂಥ ಕೇಂಬ್ರಿಜ್‌ನಿಂದ ಬಂತು; 1992ರಲ್ಲಿ ಪರಿಷ್ಕೃತ ಮುದ್ರಣ. ಈ ವಿಷಯ ಕಲಿಯುವ ಯಾವ ದೇಶದ ವಿದ್ಯಾರ್ಥಿಯೂ ಅದನ್ನು ದಾಟಿಯೇ ಮುಂದೆ ಹೋಗಬೇಕು. 1983ರಲ್ಲಿ ರಾಯಲ್ ಸೊಸೈಟಿಯ ಫೆಲೊ, 1994ರಲ್ಲಿ ಅದೇ ಸೊಸೈಟಿಯ ರಾಯಲ್ ಮೆಡಲ್, 1998ರಲ್ಲಿ ಪದ್ಮಭೂಷಣ ಮತ್ತು ಯುನೆಸ್ಕೊದ ನೀಲ್ಸ್ ಬೋರ್ ಪದಕ. ಅಂತರರಾಷ್ಟ್ರೀಯ ಲಿಕ್ವಿಡ್ ಕ್ರಿಸ್ಟಲ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ.

ತಟ್ಟೆಯಾಕಾರದ ಅಣುಗಳಿಂದ ಜನರಿಗೇನು ಲಾಭ ಎಂದು ಕೇಳುವವರಿಗೆ ಉತ್ತರವಿದೆ. ಹಳೆಯ ಎಲ್‌ಸಿಡಿ ಪರದೆಯನ್ನು ಪಕ್ಕದಿಂದ ನೋಡಿದರೆ ಬಣ್ಣ ತಿರುವುಮುರುವಾಗಿ ಮುಖಗಳು ಕಪ್ಪಾಗಿ ಕಾಣುತ್ತಿದ್ದವು. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಈ ದೋಷ ತಗ್ಗಿಸುವ ತೆಳುಪದರವನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿದ್ದದ್ದು ತಟ್ಟೆಯಾಕಾರದ ದ್ರವಸ್ಫಟಿಕ. ಬೆಂಗಳೂರಿನ ಅದೇ ಅಣುವಲ್ಲ, ಅದೇ ವಂಶದ್ದು. ಕೋಟ್ಯಂತರ ಕಂಪ್ಯೂಟರ್ ಪರದೆಗಳ ಮೇಲೆ ಆ ಪದರ ಕೂತಿತು. ಕಂಬಗಳ ಉದ್ದಕ್ಕೂ ವಿದ್ಯುತ್ತು ಸಲೀಸಾಗಿ ಹರಿಯುವುದರಿಂದ ಸೌರಕೋಶಗಳಲ್ಲಿ ಬಳಸಬಹುದೇ ಎಂಬ ಶೋಧ ಇನ್ನೂ ನಡೆದಿದೆ.

ನಿವೃತ್ತಿಯ ವಯಸ್ಸು ಬಂದಾಗಲೂ ಅವರು ಕುಳಿತುಕೊಳ್ಳಲಿಲ್ಲ. 1991ರಲ್ಲಿ, ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಆವರಣದಲ್ಲಿ ದ್ರವಸ್ಫಟಿಕ ಸಂಶೋಧನಾ ಕೇಂದ್ರವನ್ನು ಹುಟ್ಟುಹಾಕಿದರು. ಇಂದು ಅದು ನ್ಯಾನೊ ಮತ್ತು ಮೃದು ದ್ರವ್ಯ ವಿಜ್ಞಾನ ಕೇಂದ್ರವಾಗಿ ಕೇಂದ್ರ ಸರ್ಕಾರದ ವಿಜ್ಞಾನ ಇಲಾಖೆಯಡಿ ನಡೆಯುತ್ತಿದೆ. 2004ರ ಮಾರ್ಚ್ 8ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು.

ಜಿಡಗಾ, ಆಳಂದದ ಕಡೆಯ ಓದುಗರ ಮುಂದೆ ಈ ಕಥೆ ಇಡುವುದಕ್ಕೆ ಕಾರಣವಿದೆ. ಅದೇ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಶುರುವಾದದ್ದು 2009ರಲ್ಲಿ. ಕಲಬುರಗಿಯ ಜ್ಞಾನಗಂಗೆಯಲ್ಲಿ 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯವಿದೆ. ಎರಡರಲ್ಲೂ ಭೌತಶಾಸ್ತ್ರ ವಿಭಾಗಗಳಿವೆ. ಹಿಂದುಳಿದ ಭಾಗ, ಇಲ್ಲೇನು ಸಂಶೋಧನೆ ಎಂಬ ಮಾತು ನಮ್ಮವರ ಬಾಯಲ್ಲೇ ಬರುತ್ತದೆ. 1961ರ ಮಾನಸಗಂಗೋತ್ರಿಯಲ್ಲೂ ಹೆಚ್ಚೇನಿರಲಿಲ್ಲ. ಅಲ್ಲಿದ್ದದ್ದು ಒಬ್ಬ ಯುವ ಪ್ರಾಧ್ಯಾಪಕನಿಗೆ ಹತ್ತು ವರ್ಷ ಒಂದೇ ವಿಷಯವನ್ನು ಬಿಡದೆ ಹಿಡಿಯುವ ಅವಕಾಶ, ಅವರ ಬೆನ್ನಿಗೆ ನಿಂತ ಒಂದಿಷ್ಟು ವಿದ್ಯಾರ್ಥಿಗಳು. ಸರ್ಕಾರ ಹುದ್ದೆಗಳನ್ನು ಕಾಯಂ ಅಧ್ಯಾಪಕರಿಂದ ತುಂಬಬೇಕು, ಬಂದವರನ್ನು ನಿಲ್ಲಿಸಿಕೊಳ್ಳಬೇಕು. ವರ್ಷ ವರ್ಷ ಬದಲಾಗುವ ಅತಿಥಿ ಉಪನ್ಯಾಸಕರಿಂದ ಹತ್ತು ವರ್ಷದ ಕೆಲಸ ಕೇಳುವುದು ಅನ್ಯಾಯ.

ಅದಾಗುವ ತನಕ ಕಾಯಬೇಕಿಲ್ಲದ ಕೆಲಸವೂ ಒಂದಿದೆ. ‘ಪ್ರಮಾಣ’ ಪತ್ರಿಕೆಯ 9ನೇ ಸಂಪುಟದ 471ರಿಂದ 480ನೇ ಪುಟಗಳು ವಿಜ್ಞಾನ ಅಕಾಡೆಮಿಯ ಜಾಲತಾಣದಲ್ಲಿ ಯಾರಿಗೂ ಉಚಿತವಾಗಿ ಸಿಗುತ್ತವೆ. ಆಳಂದ, ಅಫಜಲಪುರ, ಜೇವರ್ಗಿಯ ಪದವಿ ಕಾಲೇಜುಗಳ ಭೌತಶಾಸ್ತ್ರ ಮೇಷ್ಟ್ರುಗಳೇ, ಅದನ್ನು ಮುದ್ರಿಸಿಕೊಂಡು ಬಿ.ಎಸ್ಸಿ. ಕೊನೆಯ ವರ್ಷದ ಮಕ್ಕಳ ಜೊತೆ ಕೂತು ಸಾಲು ಸಾಲಾಗಿ ಓದಿ. ಇಂಗ್ಲಿಷಿಗೆ ಹೆದರುವವರಿಗೆ ಕನ್ನಡದಲ್ಲೇ ಬಿಡಿಸಿ ಹೇಳಿ. ಬರೆದ ಮೂವರೂ ಆಗ ಕೆಲಸ ಮಾಡುತ್ತಿದ್ದದ್ದು ನಮ್ಮದೇ ರಾಜ್ಯದಲ್ಲಿ ಎಂಬುದನ್ನೂ ಹೇಳಿ.