ಗಡಿಯಾರ ಒತ್ತಿದ್ದು ಯಾರು?

ಸಾಗರದ ಮೇಷ್ಟ್ರು ಆ ಶನಿವಾರ ಹೆಚ್ಚುಕಮ್ಮಿ ಗೆದ್ದೇಬಿಟ್ಟಿದ್ದರು. ಎದುರಾಳಿಗಿಂತ ಒಂದು ಆನೆ ಜಾಸ್ತಿ. ಅದರ ಮೇಲೆ ಇನ್ನೊಂದು ಹೆಜ್ಜೆಗೆ ಮಂತ್ರಿಯಾಗಲಿದ್ದ ಕಾಲಾಳು. ಕೈಯಲ್ಲಿ ಎರಡು ಸೆಕೆಂಡು. ಕಾಲಾಳನ್ನು ಮುಂದಕ್ಕೆ ತಳ್ಳಿದರು. ಪರದೆ ಸ್ವಲ್ಪ ಹೊತ್ತು ಮರಗಟ್ಟಿದಂತಾಗಿ, ಮತ್ತೆ ಅಲುಗಾಡುವ ಹೊತ್ತಿಗೆ ಅವರ ಗಡಿಯಾರ ಸೊನ್ನೆಯಲ್ಲಿ ನಿಂತಿತ್ತು.

ಒಂದೇ ನಿಮಿಷಕ್ಕೆ ನನಗೆ ಫೋನು. "ಏನಪ್ಪಾ ಇದು? ನಾನು ನಡೆಸಿ ಆಗಿತ್ತು. ಗಡಿಯಾರ ಒತ್ತಿದ್ದು ಯಾರು?"

"ಇದರಲ್ಲಿ ಒತ್ತೋದು ಅಂತ ಇಲ್ಲ ಸಾರ್. ನಡೆಸಿದ ತಕ್ಷಣ ತಾನೇ ಬದಲಾಗುತ್ತೆ."

"ತಾನೇ ಅಂದ್ರೆ ಯಾರು? ಎಲ್ಲಿದೆ ಆ ಗಡಿಯಾರ?"

ಕೊರೊನಾ ಕಾಲದಲ್ಲಿ ಹಳೆಯ ಶಾಲೆಯ ಹತ್ತು ಹನ್ನೆರಡು ಜನ ಸೇರಿ ಶುರುಮಾಡಿದ ಈ ಆನ್‌ಲೈನ್ ಬ್ಲಿಟ್ಜ್ ಟೂರ್ನಿಗೆ ಸಂಘಟಕ ನಾನೇ, ಆಟಗಾರ ನಾನೇ, ದೂರಿನ ಪೆಟ್ಟಿಗೆಯೂ ನಾನೇ. ಆದರೆ ಮೇಷ್ಟ್ರ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಹುಡುಕುತ್ತ ಹೋದಾಗ ತಿಳಿದದ್ದು ಇಷ್ಟು: ದೂರದೂರದಲ್ಲಿ ಕೂತು ಮೂರು ನಿಮಿಷದ ಚದುರಂಗ ಆಡಲು ಬೇಕಾದ ಮಣೆ, ಕಾಯಿಗಳನ್ನು ಪರದೆಯ ಮೇಲೆ ತರುವುದು ಸುಲಭವಾಗಿತ್ತು. ತಿಣುಕಾಡಿಸಿದ್ದು ಗಡಿಯಾರ.

ಚದುರಂಗಕ್ಕೆ ಗಡಿಯಾರ ಬಂದದ್ದೇ ತಡವಾಗಿ. 1851ರಲ್ಲಿ ಲಂಡನ್ನಿನಲ್ಲಿ ಮೊದಲ ಅಂತರರಾಷ್ಟ್ರೀಯ ಟೂರ್ನಿ ನಡೆದಾಗ ಸಮಯದ ಮಿತಿಯೇ ಇರಲಿಲ್ಲ. ಎಲೈಜಾ ವಿಲಿಯಮ್ಸ್ ಎಂಬಾತ ಒಂದೊಂದು ನಡೆಗೂ ಯುಗಗಟ್ಟಲೆ ಯೋಚಿಸುತ್ತಾನೆಂದು, ಅವನ ಕೈಯಲ್ಲಿ ಸೋತ ಹೊವರ್ಡ್ ಸ್ಟಾಂಟನ್ ಗೊಣಗಿದ್ದು ದಾಖಲಾಗಿದೆ. ಹತ್ತು ವರ್ಷದ ನಂತರ ಮರಳು ಗಡಿಯಾರ ಬಂತು. 1883ರಲ್ಲಿ ಅದೇ ಲಂಡನ್ನಿನಲ್ಲಿ ಏತದ ಮರದಂಥ ಒಂದು ಸಾಧನವನ್ನು ಮೇಜಿನ ಮೇಲಿಟ್ಟರು. ಅಡ್ಡಪಟ್ಟಿಯ ಎರಡು ತುದಿಗೆ ಎರಡು ಗಡಿಯಾರ. ಒಂದನ್ನು ಬಾಗಿಸಿದರೆ ಅದು ನಿಂತು ಇನ್ನೊಂದು ನಡೆಯುತ್ತಿತ್ತು. ಮ್ಯಾಂಚೆಸ್ಟರಿನ ಥಾಮಸ್ ಬ್ರೈಟ್ ವಿಲ್ಸನ್ ಅದನ್ನು ರೂಪಿಸಿದವನು.

ನಿಧಾನದವರನ್ನು ಹದ್ದುಬಸ್ತಿನಲ್ಲಿಡಲು ಬಂದ ಗಡಿಯಾರವನ್ನು ಮುಂದೆ ಆಟಗಾರರೇ ಮೋಜಿನ ವಸ್ತು ಮಾಡಿಕೊಂಡರು. ತಲಾ ಐದೇ ನಿಮಿಷ, ಗಡಿಯಾರದ ಬಾವುಟ ಬಿದ್ದರೆ ಸೋಲು. ಬ್ಲಿಟ್ಜ್ ಎಂದರೆ ಜರ್ಮನ್‌ನಲ್ಲಿ ಮಿಂಚು. ಗಂಭೀರ ಟೂರ್ನಿಗಳ ಬಿಡುವಿನಲ್ಲಿ ಆಡುವ ಈ ಚಟಕ್ಕೆ ಗೌರವ ಬಂದದ್ದು 1970ರ ಏಪ್ರಿಲ್‌ನಲ್ಲಿ, ಆಗಿನ ಯುಗೊಸ್ಲಾವಿಯಾದ ಹೆರ್ಸೆಗ್ ನೋವಿ ಎಂಬ ಕಡಲೂರಿನಲ್ಲಿ. ಹನ್ನೆರಡು ಘಟಾನುಘಟಿಗಳು ಕೂತರು. ಬಾಬಿ ಫಿಶರ್ 22 ಆಟಗಳಲ್ಲಿ 19 ಅಂಕ ಗಳಿಸಿದ. ಎರಡನೆಯವನಾಗಿ ಬಂದ ಮಿಖಾಯಿಲ್ ತಾಲ್ ನಾಲ್ಕೂವರೆ ಅಂಕ ಹಿಂದಿದ್ದ. ಫಿಶರ್ ಸೋತದ್ದು ಒಂದೇ ಒಂದು ಆಟ, ಕೊರ್ಚ್‌ನೊಯ್ ಎದುರು.

ನಮ್ಮ ಪಕ್ಕದ ಮದರಾಸಿನಲ್ಲಿ ಇದೇ ತಾಲ್ ಹೆಸರಿನ ಕ್ಲಬ್ಬೊಂದು ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿತ್ತು. ಗೆದ್ದವನು ಕೂತೇ ಇರಬೇಕು, ಸೋತವನು ಎದ್ದು ಸಾಲಿನ ಕೊನೆಗೆ ಹೋಗಬೇಕು ಎಂಬುದು ಅಲ್ಲಿನ ಬ್ಲಿಟ್ಜ್ ಪದ್ಧತಿ. ಕುರ್ಚಿ ಬಿಡಲೊಲ್ಲದ ಒಬ್ಬ ಹುಡುಗ ಅಲ್ಲಿ ಪಳಗಿದ. ವಿಶ್ವನಾಥನ್ ಆನಂದ್‌ಗೆ ಮಿಂಚಿನ ಹುಡುಗ ಎಂಬ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಈ ಸಾಲು, ಈ ಕುರ್ಚಿ ನೆನಪಿರಲಿ, ಮುಂದೆ ಬರುತ್ತದೆ.

ದೂರದಿಂದ ಆಡುವುದೂ ಹೊಸದಲ್ಲ. 1844ರಲ್ಲೇ ವಾಷಿಂಗ್ಟನ್ ಮತ್ತು ಬಾಲ್ಟಿಮೋರ್ ನಡುವೆ ಟೆಲಿಗ್ರಾಫ್ ತಂತಿಯ ಮೇಲೆ ಚದುರಂಗ ಆಡಿದ್ದರು. ಅಂಚೆ ಕಾರ್ಡಿನಲ್ಲಿ ಒಂದೊಂದೇ ನಡೆ ಬರೆದು ವರ್ಷಗಟ್ಟಲೆ ಆಡುವವರು ನಮ್ಮಲ್ಲೂ ಇದ್ದರು. ಆದರೆ ದೂರ ಇದ್ದಲ್ಲಿ ವೇಗ ಇರಲಿಲ್ಲ, ವೇಗ ಇದ್ದಲ್ಲಿ ದೂರ ಇರಲಿಲ್ಲ. ಇವೆರಡನ್ನೂ ಗಂಟುಹಾಕಿದ್ದು 1992ರ ಜನವರಿಯಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಒಂದು ಕಂಪ್ಯೂಟರಿನಲ್ಲಿ ಶುರುವಾದ ಇಂಟರ್ನೆಟ್ ಚೆಸ್ ಸರ್ವರ್. ಮೈಕೆಲ್ ಮೂರ್, ರಿಚರ್ಡ್ ನ್ಯಾಶ್ ಎಂಬಿಬ್ಬರು ಕಟ್ಟಿದ್ದು. ಮೌಸ್ ಹಿಡಿದು ಕುದುರೆ ಎಳೆಯುವ ಸುಖ ಆಗಿರಲಿಲ್ಲ. ಕಪ್ಪು ಪರದೆಯ ಮೇಲೆ ಗೆರೆಗಳಿಂದಲೂ ಅಕ್ಷರಗಳಿಂದಲೂ ಬರೆದ ಮಣೆ. ಯಾವ ಮನೆಯಿಂದ ಯಾವ ಮನೆಗೆ ಎಂದು ಟೈಪ್ ಮಾಡಬೇಕು. ಬೆರಳು ತಪ್ಪಿದರೆ ಆಟವೇ ತಪ್ಪಿತು.

ಆ ಸರ್ವರ್‌ಗೆ ಅಂಟಿಕೊಂಡವರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಾಧ್ಯಾಪಕ ಡೇನಿಯಲ್ ಸ್ಲೀಟರ್ ಒಬ್ಬರು. ಅವರನ್ನು ಕಾಡಿದ್ದು ನಮ್ಮ ಮೇಷ್ಟ್ರ ದೂರೇ. ಆಟಗಾರ ನಡೆಸಿದ ನಡೆ ತಂತಿಯಲ್ಲಿ ಹರಿದು ಸರ್ವರ್ ಮುಟ್ಟುವ ತನಕ ಅವನ ಗಡಿಯಾರವೇ ಓಡುತ್ತಿತ್ತು. ಯೋಚಿಸಿದ್ದು ಒಂದು ಸೆಕೆಂಡು, ಕಳೆದುಕೊಂಡದ್ದು ನಾಲ್ಕು. ದೂರದ ಊರಿನವನಿಗೆ ಹೆಚ್ಚು ದಂಡ. ಸ್ಲೀಟರ್ ಸರ್ವರ್‌ನ ಹೊಣೆ ಹೊತ್ತು ಟೈಮ್‌ಸ್ಟ್ಯಾಂಪ್ ಎಂಬ ಸಣ್ಣ ಪ್ರೋಗ್ರಾಮ್ ಬರೆದರು. ಅದು ಆಟಗಾರನ ಕಂಪ್ಯೂಟರಿನಲ್ಲೇ ಕೂತು, ಎದುರಾಳಿಯ ನಡೆ ಕಾಣಿಸಿದ ಕ್ಷಣದಿಂದ ಇವನು ಉತ್ತರಿಸಿದ ಕ್ಷಣದವರೆಗೆ ಎಣಿಸಿ, ಆ ಲೆಕ್ಕವನ್ನು ಗುಪ್ತಲಿಪಿಯಲ್ಲಿ ಕಳಿಸುತ್ತಿತ್ತು. ಸರ್ವರ್ ಅಷ್ಟನ್ನೇ ಕಳೆಯುತ್ತಿತ್ತು, ದಾರಿಯ ವೇಳೆಯನ್ನು ಮಾಫಿ ಮಾಡುತ್ತಿತ್ತು. ಗುಪ್ತಲಿಪಿ ಏಕೆಂದರೆ, ಇಲ್ಲದಿದ್ದರೆ ನಾನೂ ನೀವೂ ಹತ್ತು ಸೆಕೆಂಡು ಯೋಚಿಸಿ ಅರ್ಧ ಸೆಕೆಂಡು ಎಂದು ಬರೆದು ಕಳಿಸುತ್ತಿದ್ದೆವು.

ನನ್ನ ಮಟ್ಟಿಗೆ ಆನ್‌ಲೈನ್ ಬ್ಲಿಟ್ಜ್ ಹುಟ್ಟಿದ್ದು ಆಗ. ಅದಕ್ಕೂ ಮುಂಚಿನದು ಯಾರ ಊರು ಸರ್ವರ್‌ಗೆ ಹತ್ತಿರ ಎಂಬುದರ ಪಂದ್ಯ.

1995ರಲ್ಲಿ ಸ್ಲೀಟರ್ ಆ ಸರ್ವರ್‌ಗೆ ಇಂಟರ್ನೆಟ್ ಚೆಸ್ ಕ್ಲಬ್ ಎಂದು ಹೆಸರಿಟ್ಟು ವರ್ಷಕ್ಕೆ 49 ಡಾಲರ್ ಚಂದಾ ಹಾಕಿದರು. ಪುಕ್ಕಟೆ ದುಡಿದ ಸ್ವಯಂಸೇವಕರು ಸಿಡಿದೆದ್ದರು. ಅದೇ ವರ್ಷ ಉಚಿತ ಸರ್ವರ್ ಒಂದು ಸೆಡ್ಡು ಹೊಡೆದು ನಿಂತಿತು. ದುಡ್ಡು ಕೊಟ್ಟು ಆಡುವುದೋ, ಊರ ಕೆರೆಯಂತೆ ಎಲ್ಲರದೋ ಎಂಬ ಆ ಜಗಳ ಇವತ್ತಿಗೂ ಮುಗಿದಿಲ್ಲ. 2007ರಲ್ಲಿ ಶುರುವಾದ ಚೆಸ್ ಡಾಟ್ ಕಾಮ್ ವ್ಯಾಪಾರದ ದಾರಿ ಹಿಡಿಯಿತು. 2010ರಲ್ಲಿ ಫ್ರಾನ್ಸಿನ ತಿಬೋ ಡುಪ್ಲೆಸಿ ಬರೆದ ಲೀಚೆಸ್, ಜಾಹೀರಾತೂ ಇಲ್ಲದೆ ಶುಲ್ಕವೂ ಇಲ್ಲದೆ ದೇಣಿಗೆಯ ಮೇಲೆ ನಡೆಯುತ್ತಿದೆ. ನಮ್ಮ ಶನಿವಾರದ ಟೂರ್ನಿ ಎರಡನೆಯದರಲ್ಲಿ. ಕಾರಣ ಸರಳ: ನಮ್ಮಲ್ಲಿ ಯಾರೂ ದುಡ್ಡು ಬಿಚ್ಚುವವರಲ್ಲ.

ಸಂಘಟಿಸುವುದು ಎಂದರೆ ನಾಲ್ಕಾರು ಆಯ್ಕೆ ಒತ್ತುವುದು, ಅಷ್ಟೆ. ಆದರೆ ಒಂದೊಂದು ಆಯ್ಕೆಯ ಹಿಂದೆಯೂ ಒಂದು ಕಥೆ. ಮೊದಲನೆಯದು ಪದ್ಧತಿ. ಸ್ವಿಸ್ ಪದ್ಧತಿಗೆ 1895ರ ಜ್ಯೂರಿಕ್ ಟೂರ್ನಿ ಮೂಲ; ಸಮ ಅಂಕದವರನ್ನು ಜೋಡಿಸುತ್ತ ಹೋಗುತ್ತದೆ, ಎಲ್ಲರ ಆಟ ಮುಗಿದ ಮೇಲೇ ಮುಂದಿನ ಸುತ್ತು. ನಾವು ಮೊದಲು ಅದನ್ನೇ ಮಾಡಿದೆವು. ಒಬ್ಬ ಊಟಕ್ಕೆ ಎದ್ದುಹೋದರೆ ಉಳಿದವರೆಲ್ಲ ಪರದೆ ನೋಡುತ್ತ ಕೂರಬೇಕು. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾದ ಹಾಗೆ.

ಈಗ ಅರೀನಾ. ತೊಂಬತ್ತು ನಿಮಿಷ ಬಾಗಿಲು ತೆರೆದಿರುತ್ತದೆ; ಯಾವಾಗ ಬೇಕಾದರೂ ಬನ್ನಿ, ಹೋಗಿ. ಒಂದು ಆಟ ಮುಗಿದ ಕೂಡಲೇ ಇನ್ನೊಬ್ಬ ಸಿದ್ಧ. ಗೆದ್ದರೆ ಎರಡು ಅಂಕ, ಡ್ರಾ ಆದರೆ ಒಂದು. ಸತತ ಎರಡು ಗೆದ್ದರೆ ನಿಮ್ಮ ಹೆಸರಿನ ಪಕ್ಕ ಬೆಂಕಿ ಹೊತ್ತಿಕೊಳ್ಳುತ್ತದೆ; ಗೆಲುವಿನ ಸರಣಿ ಮುರಿಯುವವರೆಗೆ ಅಂಕ ದುಪ್ಪಟ್ಟು. ಮದರಾಸಿನ ಆ ಕುರ್ಚಿಯೇ ಇದು, ಒಂದು ತಿದ್ದುಪಡಿಯೊಂದಿಗೆ: ಸೋತವನೂ ಎದ್ದು ಹೋಗಬೇಕಾಗಿಲ್ಲ. ಇನ್ನೊಂದು ಹುಚ್ಚು ಗುಂಡಿ ಇದೆ, ಬರ್ಸರ್ಕ್ ಎಂದು. ಆಟದ ಶುರುವಿಗೆ ಒತ್ತಿದರೆ ನಿಮ್ಮ ಸಮಯ ಅರ್ಧವಾಗುತ್ತದೆ, ನಡೆಗೆ ಸಿಗುವ ಹೆಚ್ಚುವರಿ ಸೆಕೆಂಡೂ ಹೋಗುತ್ತದೆ. ಗೆದ್ದರೆ ಒಂದು ಅಂಕ ಮೇಲೆ.

ಆ ಹೆಚ್ಚುವರಿ ಸೆಕೆಂಡು ಫಿಶರ್‌ನ ಕೊಡುಗೆ. ಪ್ರತಿ ನಡೆಗೂ ಕೆಲವು ಸೆಕೆಂಡು ವಾಪಸು ಕೊಡುವ ಗಡಿಯಾರಕ್ಕೆ ಆತ 1989ರಲ್ಲಿ ಪೇಟೆಂಟ್ ಪಡೆದ. 1992ರಲ್ಲಿ ಹಳೆಯ ಎದುರಾಳಿ ಸ್ಪಾಸ್ಕಿ ಜೊತೆಗಿನ ಮರುಪಂದ್ಯದಲ್ಲಿ ಅದನ್ನೇ ಬಳಸಿದ. ಗೆಲ್ಲುವ ಸ್ಥಿತಿಯಲ್ಲಿದ್ದವನು ಕೇವಲ ಕೈ ಸಾಗದೆ ಸೋಲಬಾರದು ಎಂಬುದು ಅವನ ವಾದ. ನಾವು ಆಗ ಆಡುತ್ತಿದ್ದದ್ದು ಮೂರು ನಿಮಿಷ, ಮೇಲೊಂದು ಸೆಕೆಂಡೂ ಇಲ್ಲ. ಮೇಷ್ಟ್ರು ಸೋತದ್ದು ಇಲ್ಲಿಯೇ.

ಲೆಕ್ಕ ಹಾಕಿ ನೋಡಿದೆ. ಲೀಚೆಸ್‌ನ ಸರ್ವರ್ ಇರುವುದು ಫ್ರಾನ್ಸಿನಲ್ಲಿ. ಗಾಜಿನ ತಂತಿಯೊಳಗೆ ಬೆಳಕು ಓಡುವುದು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ನೇರ ದಾರಿಯೇ ಇದ್ದರೂ ಸಾಗರದಿಂದ ಅಲ್ಲಿಗೆ ಹೋಗಿಬರಲು ಸೆಕೆಂಡಿನ ಸುಮಾರು ಹದಿಮೂರನೇ ಒಂದು ಭಾಗವಾದರೂ ಬೇಕು. ತಂತಿ ಸಮುದ್ರದಡಿ ಸುತ್ತಿ ಬಳಸಿ ಹೋಗುವುದರಿಂದ ಅದರ ಎರಡರಷ್ಟು ಎನ್ನೋಣ. ನಲವತ್ತು ನಡೆಗೆ ಆರೇಳು ಸೆಕೆಂಡು. ಇದನ್ನು ಸರ್ವರ್ ಸ್ಲೀಟರ್ ತೋರಿದ ದಾರಿಯಲ್ಲೇ ತುಂಬಿಕೊಡುತ್ತದೆ, ಆದರೆ ಒಂದು ಮಿತಿಯೊಳಗೆ. ಮಿತಿ ಇಲ್ಲದಿದ್ದರೆ ಸೋಲುವವರೆಲ್ಲ ವೈರ್ ಕಿತ್ತು ಕೂರುತ್ತಿದ್ದರು. ಮಳೆಗೆ ಮೇಷ್ಟ್ರ ಮೊಬೈಲ್ ನೆಟ್ ಮೂರು ಸೆಕೆಂಡು ಸತ್ತದ್ದು ಆ ಮಿತಿಯ ಆಚೆಗಿತ್ತು.

ಮೇಷ್ಟ್ರ ಪ್ರಶ್ನೆ ಇಡೀ ದೇಶದ ಪ್ರಶ್ನೆಯಾದದ್ದೂ ಉಂಟು. 2020ರ ಆಗಸ್ಟ್ 30, ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ ನಡೆಸಿದ ಮೊದಲ ಆನ್‌ಲೈನ್ ಒಲಿಂಪಿಯಾಡ್‌ನ ಫೈನಲ್, ಭಾರತ ಮತ್ತು ರಷ್ಯಾ. ಅದು ಬ್ಲಿಟ್ಜ್ ಅಲ್ಲ, ತಲಾ 15 ನಿಮಿಷದ ರ‍್ಯಾಪಿಡ್. ಮೊದಲ ಪಂದ್ಯ ಸಮ. ಎರಡನೆಯದರಲ್ಲಿ ಭಾರತದ ನಿಹಾಲ್ ಸರಿನ್ ಮತ್ತು ದಿವ್ಯಾ ದೇಶಮುಖ್ ಅವರ ಸಂಪರ್ಕ ಕಡಿದು, ಇಬ್ಬರೂ ಸಮಯ ಮೀರಿ ಸೋತರು. ಅವತ್ತು ಕೈಕೊಟ್ಟದ್ದು ಅವರ ಮನೆಯ ನೆಟ್ ಅಲ್ಲ, ಜಗತ್ತಿನ ಹಲವೆಡೆ ಇಂಟರ್ನೆಟ್ಟೇ ಕುಸಿದಿತ್ತು. ಭಾರತ ಮೇಲ್ಮನವಿ ಸಲ್ಲಿಸಿತು. ಫಿಡೆ ಅಧ್ಯಕ್ಷ ಅರ್ಕಾಡಿ ದ್ವೊರ್ಕೊವಿಚ್ ಎರಡೂ ತಂಡಗಳಿಗೆ ಚಿನ್ನ ಎಂದು ಘೋಷಿಸಿದರು. ನಾವೆಲ್ಲ ಕುಣಿದೆವು. ಆದರೆ ಎರಡೇ ದಿನದ ಹಿಂದೆ ಕ್ವಾರ್ಟರ್ ಫೈನಲ್‌ನಲ್ಲಿ ಇದೇ ನಿಹಾಲ್ ಎದುರು ಅರ್ಮೇನಿಯಾದ ಆಟಗಾರನ ಸಂಪರ್ಕ ಕಡಿದಿತ್ತು, ಅವರ ಮನವಿ ತಿರಸ್ಕೃತವಾಗಿತ್ತು, ಅರ್ಮೇನಿಯಾ ಸಿಟ್ಟಿನಿಂದ ಟೂರ್ನಿಯನ್ನೇ ಬಿಟ್ಟುಹೋಗಿತ್ತು. ನಾವು ಕುಣಿಯುವಾಗ ಅದನ್ನು ನೆನೆದವರು ಕಡಿಮೆ.

ಗಡಿಯಾರದ ತಂಟೆ ಇನ್ನೊಂದು ಬಗೆಯದೂ ಇದೆ. 2022ರ ಮೇ ತಿಂಗಳಲ್ಲಿ ಶಾಲಾ ಹುಡುಗ ಪ್ರಜ್ಞಾನಂದ ಆನ್‌ಲೈನ್ ಟೂರ್ನಿಯೊಂದರ ಸೆಮಿಫೈನಲ್‌ನಲ್ಲಿ ಅನೀಶ್ ಗಿರಿಯನ್ನು ಸೋಲಿಸಿದಾಗ ಭಾರತದಲ್ಲಿ ನಡುರಾತ್ರಿ ಎರಡು ಗಂಟೆ. ಬೆಳಗಾದರೆ ಹನ್ನೊಂದನೇ ತರಗತಿಯ ಪರೀಕ್ಷೆ. ನಮ್ಮಲ್ಲಿ ಅಷ್ಟು ದೊಡ್ಡ ಸಂಕಟವಿಲ್ಲ. ನಾವು ಶುರುಮಾಡುವ ರಾತ್ರಿ ಒಂಬತ್ತು ಎಂದರೆ ದುಬೈಯಲ್ಲಿರುವ ಗೆಳೆಯರಿಗೆ ಏಳೂವರೆ, ನ್ಯೂಜೆರ್ಸಿಯಲ್ಲಿರುವ ಹುಡುಗನಿಗೆ ಬೆಳಗ್ಗೆ ಹನ್ನೊಂದೂವರೆ. ನವೆಂಬರ್‌ನಲ್ಲಿ ಅಮೆರಿಕದವರು ಗಡಿಯಾರ ಹಿಂದಕ್ಕೆ ತಿರುಗಿಸಿದಾಗ ಮಾತ್ರ ಅಲ್ಲಿನ ಹುಡುಗ ಒಂದು ಗಂಟೆ ತಡವಾಗಿ ಬಂದು, "ಅಣ್ಣಾ, ಬೇಗ ಶುರುಮಾಡಿಬಿಟ್ರಾ?" ಎಂದು ಕೇಳುತ್ತಾನೆ. ಪ್ರತಿ ವರ್ಷ ಕೇಳುತ್ತಾನೆ.

ಮೋಸದ ಮಾತು ಎತ್ತದೆ ಇರಲಾಗದು. ಜೇಬಿನ ಫೋನಿನಲ್ಲಿರುವ ಎಂಜಿನ್ ಇವತ್ತು ವಿಶ್ವ ಚಾಂಪಿಯನ್ನನನ್ನೂ ಸೋಲಿಸುತ್ತದೆ. 2021ರ ಜೂನ್‌ನಲ್ಲಿ ಕೋವಿಡ್ ಪರಿಹಾರಕ್ಕಾಗಿ ಆನಂದ್ ಏಕಕಾಲಕ್ಕೆ ಹಲವರ ಜೊತೆ ಆನ್‌ಲೈನ್‌ನಲ್ಲಿ ಆಡಿದಾಗ ಬೆಂಗಳೂರಿನ ಉದ್ಯಮಿಯೊಬ್ಬರು ಗೆದ್ದೇಬಿಟ್ಟರು. ಮರುದಿನ ಕಂಪ್ಯೂಟರಿನ ನೆರವು ಪಡೆದದ್ದನ್ನು ಒಪ್ಪಿಕೊಂಡು ಕ್ಷಮೆ ಕೇಳಿದರು. ಮೂರು ನಿಮಿಷದ ಆಟದಲ್ಲಿ ಕದ್ದು ನೋಡಲು ಪುರುಸೊತ್ತು ಕಡಿಮೆ, ಆದರೂ ನೋಡುವವರು ನೋಡುತ್ತಾರೆ. ಅವರನ್ನು ಹಿಡಿದುಕೊಡುವುದರಲ್ಲಿ ಗಡಿಯಾರದ್ದೂ ಪಾಲಿದೆ. ಮನುಷ್ಯ ಸುಲಭದ ನಡೆಯನ್ನು ಥಟ್ಟನೆ ಆಡಿ, ಕಷ್ಟದ ಕಡೆ ತಡೆಯುತ್ತಾನೆ. ಕದಿಯುವವನಿಗೆ ಎಲ್ಲ ನಡೆಗೂ ಒಂದೇ ಐದು ಸೆಕೆಂಡು. ನಮ್ಮಲ್ಲೂ ಒಬ್ಬನ ಮೇಲೆ ಗುಸುಗುಸು ಎದ್ದಿತ್ತು. ವಿಚಾರಿಸಿದರೆ ಪಾಪ, ಅವನು ಎಲ್ಲದಕ್ಕೂ ಅಷ್ಟೇ ನಿಧಾನ. ಶಾಲೆಯಲ್ಲಿ ಹಾಜರಿ ಕೂಗಿದಾಗಲೂ ಹಾಗೇ ಇದ್ದ.

ಇಷ್ಟನ್ನೂ ಮೇಷ್ಟ್ರಿಗೆ ಫೋನಿನಲ್ಲಿ ವಿವರಿಸಿದೆ. ಗಡಿಯಾರ ಫ್ರಾನ್ಸಿನಲ್ಲಿದೆ ಎಂಬ ಮಾತು ಅವರಿಗೆ ರುಚಿಸಲಿಲ್ಲ. ಮುಂದಿನ ವಾರದಿಂದ ನಡೆಗೆ ಎರಡು ಸೆಕೆಂಡು ಸೇರಿಸುತ್ತೇವೆ ಎಂದಾಗ, "ಅದೇನು ಭಿಕ್ಷೆಯೇನಪ್ಪಾ?" ಎಂದರು.

ಮುಂದಿನ ಶನಿವಾರ ಅವರಿಗೆ ಎದುರಾದದ್ದು ನ್ಯೂಜೆರ್ಸಿಯ ಹುಡುಗ. ನನ್ನ ಆಟ ಬೇಗ ಸೋತು ಮುಗಿದಿದ್ದರಿಂದ ನೋಡುತ್ತ ಕೂತೆ. ಮೇಷ್ಟ್ರ ಗಡಿಯಾರ ಒಂದೂವರೆ ನಿಮಿಷದಿಂದ ಶುರುವಾಗಿತ್ತು. ಎಪ್ಪತ್ತು ದಾಟಿದವರು ಬರ್ಸರ್ಕ್! ಹನ್ನೊಂದು ಸೆಕೆಂಡು ಉಳಿದಿರುವಾಗ ಕುದುರೆಯಿಂದ ಮೇಟ್ ಹಾಕಿದರು. ನಾನೇ ಫೋನು ಮಾಡಿದೆ.

"ಏನ್ ಸಾರ್, ಇಷ್ಟು ಧೈರ್ಯ?"

"ಎಂಥ ಧೈರ್ಯ? ಕತ್ತಿಯ ಚಿತ್ರದ ಗುಂಡಿಯೊಂದು ಇದೆಯಲ್ಲ ಕೆಳಗೆ. ಒತ್ತೋಕೆ ಕೊನೆಗೂ ಗಡಿಯಾರ ಕೊಟ್ಟಿದ್ದೀರಿ ಅಂದುಕೊಂಡು ಒತ್ತಿದೆ." ಸ್ವಲ್ಪ ತಡೆದು ಕೇಳಿದರು, "ಅಲ್ಲಪ್ಪಾ, ಎರಡರ ಬದಲು ಮೂರು ಅಂಕ ಯಾಕೆ ಬಂತು?"

ಹೇಳಿದೆ. ಮುಂದಿನ ಆಟಕ್ಕೂ ಒತ್ತಿದರು.