ಕೆರೆಯ ಕಳೆಗೆ ಗೊಬ್ಬರ ಹಾಕುವವರು ಯಾರು?

ಸೇಲಂನ ಕನ್ನಂಕುರಿಚ್ಚಿಯಲ್ಲಿ, ಏರ್ಕಾಡು ಬೆಟ್ಟದ ಬುಡದಲ್ಲಿ ಮೂಕನೇರಿ ಕೆರೆಯಿದೆ. 2010ರಲ್ಲಿ ಸೇಲಂ ಸಿಟಿಜನ್ಸ್ ಫೋರಂನವರು ಜನರೊಡನೆ ಕೈಜೋಡಿಸಿ ಹೂಳೆತ್ತಿದರು; ಆ ಮಣ್ಣಿನಿಂದಲೇ ನಡುಗಡ್ಡೆಗಳನ್ನು ಕಟ್ಟಿ ಸಸಿ ನೆಟ್ಟರು.

ಹೀಗೆ ಉಳಿಸಿಕೊಂಡ ಕೆರೆಗಳಿಗೂ ಒಂದು ಶತ್ರುವಿದೆ: ದಕ್ಷಿಣ ಅಮೆರಿಕದಿಂದ ಬಂದ ಅಂತರಗಂಗೆ. ಅದರ ನೇರಳೆ ಹೂ ನೋಡಲು ಚೆಂದ. ಆದರೆ ಎರಡೇ ವಾರಗಳಲ್ಲಿ ಅದು ಇಮ್ಮಡಿಯಾಗಬಲ್ಲದು. ನೀರಿಗೆ ಬೆಳಕಿಳಿಯದು, ಮೀನಿಗೆ ಉಸಿರು ಸಿಗದು. ಹೂ ಬಿಡುವ ಮೊದಲೇ ಬೇರುಸಹಿತ ಕಿತ್ತು ದಡದಿಂದ ದೂರ ಒಣಗಿಸಬೇಕು. ಬೀಜ ಕೆಸರಿನಲ್ಲಿ ವರ್ಷಗಟ್ಟಲೆ ಬದುಕಿರುವುದರಿಂದ ಒಮ್ಮೆ ಕಿತ್ತರೆ ಸಾಲದು.

ಅದನ್ನು ಕೊಬ್ಬಿಸುವವರು ನಾವೇ. ನಮ್ಮ ಬಚ್ಚಲು, ಶೌಚಾಲಯಗಳ ನೀರು ಚರಂಡಿ ಹಿಡಿದು ಕೆರೆ ಸೇರಿದರೆ ಅದೇ ಕಳೆಗೆ ಗೊಬ್ಬರ. ಕಳೆ ಕೀಳುವ ಕೆಲಸ ನಮ್ಮ ಮನೆಯಿಂದಲೇ ಆರಂಭವಾಗಲಿ.