ಅಂಗಾತ ಬಿದ್ದ ಡ್ರೋನ್ ತಾನಾಗಿ ಏಳುವುದಿಲ್ಲ

ರೇಸಿಂಗ್ ಡ್ರೋನ್ ಹಾರಿಸುವವರು ಬಿದ್ದದ್ದರ ಲೆಕ್ಕ ಇಡುವುದಿಲ್ಲ. ಅವರು ಕೇಳುವುದು ಒಂದೇ: ಹೊಟ್ಟೆ ಕೆಳಗಾಗಿ ಬಿತ್ತೋ, ಬೆನ್ನು ಕೆಳಗಾಗಿ ಬಿತ್ತೋ? ಹೊಟ್ಟೆ ಕೆಳಗಾದರೆ ಮತ್ತೆ ಹಾರಿಸಬಹುದು. ಬೆನ್ನು ಕೆಳಗಾದರೆ ಮುಖದ ಮೇಲಿನ ಗಾಗಲ್ಸ್ ತೆಗೆದು, ಬಿಸಿಲಲ್ಲಿ ಇನ್ನೂರು ಮೀಟರ್ ನಡೆದು, ಎತ್ತಿ ನೆಟ್ಟಗೆ ಇಟ್ಟು, ವಾಪಸ್ ಬರಬೇಕು. ಈ ನಡಿಗೆ ತಪ್ಪಿಸಲೆಂದು 2017ರಲ್ಲಿ ಡ್ರೋನನ್ನು ನಿಯಂತ್ರಿಸುವ ಬೀಟಾಫ್ಲೈಟ್ ತಂತ್ರಾಂಶದ 3.2ನೇ ಆವೃತ್ತಿ ‘ಫ್ಲಿಪ್ ಓವರ್ ಆಫ್ಟರ್ ಕ್ರ್ಯಾಶ್’ ಎಂಬ ಸೌಲಭ್ಯ ತಂದಿತು. ಮೈದಾನದಲ್ಲಿ ಆ ಉದ್ದದ ಹೆಸರು ಯಾರ ಬಾಯಲ್ಲೂ ಇಲ್ಲ. ಎಲ್ಲರೂ ಕರೆಯುವುದು ಟರ್ಟಲ್ ಮೋಡ್ ಅಂತಲೇ.

ಮೊದಲ ತಪ್ಪು ತಿಳಿವಳಿಕೆ ಹುಟ್ಟಿದ್ದೂ ಆ ಹೆಸರಿನಿಂದಲೇ. ಅಂಗಾತ ಬಿದ್ದ ಆಮೆ ತಾನೇ ಹೊರಳಿ ಏಳುತ್ತದಲ್ಲ, ಹಾಗೆ ಡ್ರೋನ್ ಕೂಡ ತಾನು ಬಿದ್ದದ್ದನ್ನು ಅರಿತು ಮಗುಚಿಕೊಳ್ಳುತ್ತದೆ ಎಂದು ಹೊಸಬರು ನಂಬುತ್ತಾರೆ. ನಮ್ಮ ಬಯಲುಸೀಮೆಯ ನಕ್ಷತ್ರ ಆಮೆಗೆ ಆ ಮಾತು ಬಹುಮಟ್ಟಿಗೆ ಒಪ್ಪುತ್ತದೆ. ಹೇಗಿಟ್ಟರೂ ಒಂದೇ ಭಂಗಿಗೆ ಮರಳುವ ‘ಗೊಂಬೊಟ್ಸ್’ ಎಂಬ ಆಕಾರವನ್ನು ರೂಪಿಸಿದ ಹಂಗೇರಿಯ ಗಣಿತಜ್ಞರು, ಅದಕ್ಕೆ ಹತ್ತಿರದ ಆಕಾರ ಕಂಡದ್ದು ಇದೇ ಆಮೆಯ ಗುಮ್ಮಟದಂಥ ಚಿಪ್ಪಿನಲ್ಲಿ. ಡ್ರೋನಿಗೆ ಆ ಭಾಗ್ಯವಿಲ್ಲ. ಅದು ಚಪ್ಪಟೆ, ಬೆನ್ನ ಮೇಲೆ ಮಲಗಿದರೂ ಅದಕ್ಕೆ ಅಷ್ಟೇ ಆರಾಮ.

ಹಾಗಾದರೆ ಮಗುಚುವವರು ಯಾರು? ನೀವೇ. ಈ ಮೋಡ್‌ನಲ್ಲಿ ಯಾವ ಪಕ್ಕಕ್ಕೆ ಉರುಳಿಸಬೇಕೆಂದು ಡ್ರೋನ್ ಯೋಚಿಸುವುದಿಲ್ಲ. ನೀವು ರಿಮೋಟಿನ ರೋಲ್ ಅಥವಾ ಪಿಚ್ ಕಡ್ಡಿಯನ್ನು ಒಂದು ಕಡೆಗೆ ತಳ್ಳಿದಾಗ ಒಂದು ಬದಿಯ ಮೋಟರುಗಳು ಮಾತ್ರ ಹಿಮ್ಮುಖವಾಗಿ ತಿರುಗುತ್ತವೆ. ಆ ಬದಿ ನೆಲದಿಂದೆದ್ದು, ಇನ್ನೊಂದು ಬದಿಯ ಅಂಚಿನ ಮೇಲೆ ಇಡೀ ಡ್ರೋನ್ ಉರುಳುತ್ತದೆ. ಕಲ್ಲು ಯಾವ ಕಡೆಗಿದೆ, ಬಯಲು ಯಾವ ಕಡೆಗಿದೆ ಎಂದು ತಲೆಕೆಳಗಾದ ಕ್ಯಾಮೆರಾ ಚಿತ್ರ ನೋಡಿ ತೀರ್ಮಾನಿಸುವವರೂ ನೀವೇ.

ಹಿಮ್ಮುಖ ಯಾಕೆಂದರೆ, ಪ್ರೊಪೆಲರ್ ಸಹಜವಾಗಿ ಗಾಳಿಯನ್ನು ಡ್ರೋನಿನ ಹೊಟ್ಟೆಯ ಕಡೆಗೆ ತಳ್ಳುತ್ತದೆ. ಅಂಗಾತ ಬಿದ್ದಾಗ ಹೊಟ್ಟೆ ಇರುವುದು ಆಕಾಶದ ಕಡೆಗೆ. ಆಗ ಮಾಮೂಲಿ ದಿಕ್ಕಿನಲ್ಲಿ ತಿರುಗಿಸಿದರೆ ಡ್ರೋನ್ ಇನ್ನಷ್ಟು ಗಟ್ಟಿಯಾಗಿ ನೆಲ ಕಚ್ಚುತ್ತದೆ.

ಇನ್ನು ಸೆಟಪ್ ವಿಷಯ. ‘ಮೋಡ್ಸ್ ಟ್ಯಾಬ್‌ನಲ್ಲಿ ಒಂದು ಸ್ವಿಚ್ ಕೊಟ್ಟರೆ ಮುಗಿಯಿತು’ ಎನ್ನುವುದು ಅರ್ಧ ಸತ್ಯ. ಸ್ವಿಚ್ ಕೊಡುವುದು ಕೊನೆಯ ಕೆಲಸ. ಮೋಟರಿನ ವೇಗ ನಿಯಂತ್ರಿಸುವ ಇಎಸ್‌ಸಿಗೆ ‘ದಿಕ್ಕು ಬದಲಿಸು’ ಎಂಬ ಮಾತು ಅರ್ಥವಾಗಬೇಕು. ಹಳೆಯ ಪಿಡಬ್ಲ್ಯುಎಂ, ಒನ್‌ಶಾಟ್, ಮಲ್ಟಿಶಾಟ್ ವಿಧಾನಗಳಲ್ಲಿ ಡ್ರೋನಿನ ಮಿದುಳಾದ ಫ್ಲೈಟ್ ಕಂಟ್ರೋಲರ್ ಅದಕ್ಕೆ ಹೇಳಬಲ್ಲದ್ದು ಒಂದೇ ಸಂಗತಿ: ಎಷ್ಟು ವೇಗ. ಡಿಶಾಟ್ ಎಂಬ ವಿಧಾನ ಬಂದ ಮೇಲೆ ಇವೆರಡರ ನಡುವಿನ ತಂತಿಯಲ್ಲಿ ಹರಿಯುವುದು ಅಂಕಿ. ಪ್ರತಿ ಸಂದೇಶ 16 ಬಿಟ್. ಅದರಲ್ಲಿ 11 ಬಿಟ್ ಥ್ರಾಟಲ್‌ಗೆ, ಅಂದರೆ 0ಯಿಂದ 2047ರವರೆಗೆ. 48ರಿಂದ ಮೇಲಿನ 2000 ಅಂಕಿಗಳು ವೇಗಕ್ಕೆ ಮೀಸಲು. 0 ಎಂದರೆ ನಿಲ್ಲು. ನಡುವೆ ಉಳಿದ 47 ಅಂಕಿಗಳು ಆಜ್ಞೆಗಳು. ‘ಬೀಪ್ ಮಾಡು’ ಎಂಬುದಕ್ಕೆ ಕೆಲವು, ‘ಸಹಜ ದಿಕ್ಕಿಗೆ ತಿರುಗು’ ಎಂಬುದಕ್ಕೆ 20, ‘ಹಿಮ್ಮುಖ ತಿರುಗು’ ಎಂಬುದಕ್ಕೆ 21. ಟರ್ಟಲ್ ಮೋಡ್‌ನ ಗುಟ್ಟು ಈ ಎರಡು ಅಂಕಿಗಳಲ್ಲಿದೆ. ಹಾಗಾಗಿ ಮೋಟರ್ಸ್ ಟ್ಯಾಬ್‌ನಲ್ಲಿ ಡಿಶಾಟ್300 ಅಥವಾ ಡಿಶಾಟ್600 ಆರಿಸಿರಬೇಕು. ಇಎಸ್‌ಸಿಯಲ್ಲಿ ಬಿಎಲ್‌ಹೆಲಿ_32, ಬ್ಲೂಜೇ, ಇಲ್ಲವೇ ಬಿಎಲ್‌ಹೆಲಿ_ಎಸ್‌ನ ಹೊಸ ಆವೃತ್ತಿಯಂಥ ತಂತ್ರಾಂಶ ಇರಬೇಕು. ಡಿಶಾಟ್ ಆರಿಸದಿದ್ದರೆ ಮೋಡ್ಸ್ ಪಟ್ಟಿಯಲ್ಲಿ ಈ ಆಯ್ಕೆಯೇ ಕಾಣುವುದಿಲ್ಲ. ‘ನನ್ನ ಬೋರ್ಡಿನಲ್ಲಿ ಆ ಸೌಲಭ್ಯವೇ ಇಲ್ಲ’ ಎಂದು ದೂರುವವರು ಮೊದಲು ನೋಡಬೇಕಾದ್ದು ಇದನ್ನೇ.

ಇಲ್ಲಿ ಎರಡು ಹೆಸರುಗಳು ಜನರನ್ನು ದಾರಿ ತಪ್ಪಿಸಿವೆ. ಒಂದು ‘ಬೈಡೈರೆಕ್ಷನಲ್ ಡಿಶಾಟ್’. ಹೆಸರು ಕೇಳಿದರೆ ಮೋಟರು ಎರಡೂ ದಿಕ್ಕಿಗೆ ತಿರುಗುತ್ತದೆ ಅನ್ನಿಸುತ್ತದೆ. ಅಲ್ಲ. ಎರಡು ದಿಕ್ಕಿಗೆ ಓಡುವುದು ಮಾಹಿತಿ: ಇಎಸ್‌ಸಿ ಮೋಟರಿನ ವೇಗವನ್ನು ಅದೇ ತಂತಿಯಲ್ಲಿ ಹಿಂದಕ್ಕೆ ತಿಳಿಸುತ್ತದೆ, ಕಂಪನದ ಗದ್ದಲ ಸೋಸುವ ಆರ್‌ಪಿಎಂ ಫಿಲ್ಟರ್ ಅದನ್ನು ಬಳಸುತ್ತದೆ. ಟರ್ಟಲ್‌ಗೆ ಅದು ಬೇಕಿಲ್ಲ. ಇನ್ನೊಂದು 3ಡಿ ಮೋಡ್. ಅದು ಹಾರುತ್ತಿರುವಾಗಲೇ ತಲೆಕೆಳಗಾಗಿ ನಿಲ್ಲುವ ಕಸರತ್ತಿನವರಿಗೆ. ಟರ್ಟಲ್ ಬೇಕೆಂದು ಇಎಸ್‌ಸಿಯಲ್ಲಿ 3ಡಿ ಹಾಕಿಬಿಟ್ಟರೆ ಥ್ರಾಟಲ್‌ನ ಲೆಕ್ಕವೇ ಅಡಿಮೇಲಾಗುತ್ತದೆ. ಹಾಕಬೇಡಿ.

‘ಹೀಗೆ ದಿಕ್ಕು ಬದಲಿಸಿದರೆ ಮುಂದಿನ ಹಾರಾಟದಲ್ಲಿ ಮೋಟರು ಉಲ್ಟಾ ತಿರುಗಿ ಡ್ರೋನ್ ಚಿಮ್ಮುತ್ತದೆ’ ಎಂಬ ಭಯಕ್ಕೂ ಆಧಾರವಿಲ್ಲ. 21ರ ಆಜ್ಞೆ ಇಎಸ್‌ಸಿಯ ನೆನಪಿನಲ್ಲಿ ಬರೆದಿಡುವಂಥದ್ದಲ್ಲ. ಟರ್ಟಲ್ ಸ್ವಿಚ್ ಇಳಿಸಿ ಮತ್ತೆ ಆರ್ಮ್ ಮಾಡುವಾಗ, ಅಂದರೆ ಮೋಟರು ತಿರುಗಲು ಅನುಮತಿ ಕೊಡುವಾಗ, 20 ಹೋಗುತ್ತದೆ, ಎಲ್ಲ ಮೊದಲಿನಂತೆ.

ಆದರೆ ಕ್ರಮ ತಪ್ಪಬಾರದು. ಬಿದ್ದ ಕೂಡಲೇ ಡಿಸ್‌ಆರ್ಮ್. ಆಮೇಲೆ ಟರ್ಟಲ್ ಸ್ವಿಚ್. ಆಮೇಲೆ ಥ್ರಾಟಲ್ ಕೆಳಗಿಟ್ಟು ಆರ್ಮ್. ಆರ್ಮ್ ಆಗಿರುವಾಗಲೇ ಸ್ವಿಚ್ ಒತ್ತಿ ‘ಏನೂ ಆಗ್ತಿಲ್ಲ’ ಎನ್ನುವವರನ್ನು ಪ್ರತಿ ವಾರ ನೋಡುತ್ತೇನೆ. ಮಾಮೂಲಿಯಾಗಿ 25 ಡಿಗ್ರಿಗಿಂತ ಹೆಚ್ಚು ವಾಲಿದ್ದರೆ ಬೀಟಾಫ್ಲೈಟ್ ಆರ್ಮ್ ಆಗಲು ಬಿಡುವುದಿಲ್ಲ. ಟರ್ಟಲ್ ಸ್ವಿಚ್ ಮೇಲಿದ್ದರೆ ಆ ತಡೆ ಇಲ್ಲ. ಮಗುಚಿದ ಮೇಲೆ ಮತ್ತೆ ಡಿಸ್‌ಆರ್ಮ್, ಸ್ವಿಚ್ ಇಳಿಸಿ, ಆರ್ಮ್. ಸ್ವಿಚ್ ಇಳಿಸುವುದನ್ನು ಮರೆತು, ಥ್ರಾಟಲ್ ಏರಿಸಿದರೂ ಮೋಟರು ಅಲ್ಲಾಡದ್ದನ್ನು ಕಂಡು, ಇಎಸ್‌ಸಿ ಸತ್ತಿತೆಂದು ನಾನೊಮ್ಮೆ ಮನೆಗೆ ಬಂದು ಎಲ್ಲ ತಿರುಪು ಬಿಚ್ಚಿದ್ದೇನೆ. ಆ ಮೋಡ್‌ನಲ್ಲಿ ಥ್ರಾಟಲ್‌ಗೆ ಕೆಲಸವೇ ಇಲ್ಲ. ಗಾಗಲ್ಸ್‌ನಲ್ಲಿ ‘ಕ್ರ್ಯಾಶ್ ಫ್ಲಿಪ್’ ಎಂಬ ಎಚ್ಚರಿಕೆ ಮಿನುಗುತ್ತಲೇ ಇತ್ತು, ನಾನು ಓದಿರಲಿಲ್ಲ.

ಈಗ ದುಡ್ಡು ಸುಡುವ ನಂಬಿಕೆಗೆ ಬರೋಣ: ‘ಏಳದಿದ್ದರೆ ಕಡ್ಡಿಯನ್ನು ಪೂರ್ತಿ ತಳ್ಳಿ ಹಿಡಿ, ಎದ್ದೇ ಏಳುತ್ತದೆ.’ ಲೆಕ್ಕ ಹಾಕಿ ನೋಡಿ. ಬ್ಯಾಟರಿ ಸೇರಿ 650 ಗ್ರಾಂ ತೂಗುವ ಐದು ಇಂಚಿನ ಡ್ರೋನ್ ಅಂದುಕೊಳ್ಳೋಣ. ಮಗುಚಲು ಅದನ್ನು ಪೂರ್ತಿ ಎತ್ತಬೇಕಿಲ್ಲ. ಒಂದು ಅಂಚು ನೆಲದ ಮೇಲೇ ಇರುತ್ತದೆ, ಹಾರೆಯಿಂದ ಕಲ್ಲು ಮೀಟಿದ ಹಾಗೆ ಇನ್ನೊಂದು ಅಂಚನ್ನು ಎತ್ತಿದರೆ ಸಾಕು. ಬೇಕಾದ್ದು ಸುಮಾರು ಅರ್ಧ ತೂಕ, ಅಂದರೆ 325 ಗ್ರಾಂ, ಅದನ್ನೂ ಎರಡು ಮೋಟರು ಹಂಚಿಕೊಳ್ಳುತ್ತವೆ. ನೇರ ದಿಕ್ಕಿನಲ್ಲಿ ಇಂಥ ಒಂದೊಂದು ಮೋಟರು ಒಂದು ಕಿಲೋ ಮೀರಿ ಎತ್ತಬಲ್ಲದು. ಹಿಮ್ಮುಖದಲ್ಲಿ ಪ್ರೊಪೆಲರಿನ ಬಾಗು ತಪ್ಪು ಕಡೆಗಿರುವುದರಿಂದ ಒತ್ತು ಬಹಳ ತಗ್ಗುತ್ತದೆ ನಿಜ, ಆದರೂ 160 ಗ್ರಾಮಿಗೆ ಬರವಿಲ್ಲ. ತೆರೆದ ನೆಲದಲ್ಲಿ ಕಡ್ಡಿಯ ಒಂದು ಚಿಕ್ಕ ತಳ್ಳು ಸಾಕು. ಅಷ್ಟಕ್ಕೂ ಏಳದಿದ್ದರೆ ಕೊರತೆ ಶಕ್ತಿಯದ್ದಲ್ಲ; ಏನೋ ಹಿಡಿದುಕೊಂಡಿದೆ.

ನಮ್ಮ ಕಡೆ ಹಿಡಿಯುವುದು ಬಹುತೇಕ ಗರಿಕೆ. ಅದು ಮೋಟರಿನ ಕುತ್ತಿಗೆಗೆ ದಾರದಂತೆ ಸುತ್ತಿಕೊಳ್ಳುತ್ತದೆ. ರಾಗಿ ಕೊಯ್ದ ಹೊಲದ ಕೂಳೆಯೂ ಕಡಿಮೆಯೇನಲ್ಲ, ಪ್ರೊಪೆಲರನ್ನು ಗೂಟದ ಹಾಗೆ ತಡೆದು ನಿಲ್ಲಿಸುತ್ತದೆ. ತಿರುಗುವ ಮೋಟರು ತನ್ನೊಳಗೇ ಒಂದು ಎದುರು ವೋಲ್ಟೇಜ್ ಹುಟ್ಟಿಸುತ್ತದೆ, ಕರೆಂಟಿಗೆ ಕಡಿವಾಣ ಹಾಕುವುದು ಅದೇ. ಸಿಕ್ಕಿಕೊಂಡು ನಿಂತ ಮೋಟರಿನಲ್ಲಿ ಅದು ಸೊನ್ನೆ. ತಾಮ್ರದ ಸುರುಳಿಯ ಅತ್ಯಲ್ಪ ರೋಧವೊಂದೇ ಅಡ್ಡ ಉಳಿಯುತ್ತದೆ. ತುಂಬಿದ 6ಎಸ್ ಬ್ಯಾಟರಿಯ 25.2 ವೋಲ್ಟ್ ಹಿಂದಿರುವಾಗ ಕಡ್ಡಿ ಒತ್ತಿ ಹಿಡಿದರೆ ಒಂದೋ ಸುರುಳಿಯ ಲೇಪ ಕರಗಿ ಹೊಗೆ ಬರುತ್ತದೆ, ಇಲ್ಲವೇ ಇಎಸ್‌ಸಿಯ ಮಾಸ್‌ಫೆಟ್ ಸಿಡಿಯುತ್ತದೆ. ಎರಡನ್ನೂ ಕಂಡಿದ್ದೇನೆ, ಒಂದು ನನ್ನದೇ. ಎರಡು ಸಲ ಚಿಕ್ಕದಾಗಿ ತಳ್ಳಿ, ಒಮ್ಮೆ ಎದುರು ಪಕ್ಕಕ್ಕೆ ತಳ್ಳಿ, ಆಗಲೂ ಅಲುಗದಿದ್ದರೆ ಬಿಟ್ಟುಬಿಡಿ. ಮರದ ಕೊಂಬೆಗೆ ಸಿಕ್ಕಿದ ಡ್ರೋನನ್ನು ಟರ್ಟಲ್‌ನಿಂದ ಕೊಡವಿ ಬೀಳಿಸುವ ಜಾಣ್ಮೆಯಂತೂ ಬೇಡವೇ ಬೇಡ.

ಏಳುವಾಗಲೂ ಕೈ ಹಿಡಿತದಲ್ಲಿರಲಿ. ಡ್ರೋನ್ ಅಂಚಿನ ಮೇಲೆ ನೆಟ್ಟಗೆ ನಿಂತ ಕ್ಷಣ ದಾಟಿದರೆ ಉಳಿದದ್ದು ತೂಕದ ಕೆಲಸ. ಆಗಲೂ ಕಡ್ಡಿ ತಳ್ಳುತ್ತಿದ್ದರೆ ಅದು ನೆಲಕ್ಕೆ ಬಡಿದು ಪುಟಿದು ಮತ್ತೆ ಅಂಗಾತ.

‘ಪ್ರೊಪ್ಸ್ ಔಟ್ ಜೋಡಣೆಗೆ (ಪ್ರೊಪೆಲರುಗಳು ಮಾಮೂಲಿಗೆ ಎದುರು ದಿಕ್ಕಿನಲ್ಲಿ ತಿರುಗುವಂತೆ ಕೂರಿಸಿದ್ದಕ್ಕೆ) ಟರ್ಟಲ್ ಆಗದು’ ಎಂಬುದೂ ಸುಳ್ಳು. ಯಾವ ದಿಕ್ಕು ಸಹಜವೋ ಅದರ ಎದುರು ದಿಕ್ಕಿಗೆ ತಿರುಗು ಎಂಬುದಷ್ಟೇ ಆಜ್ಞೆ.

ಪರೀಕ್ಷೆಯನ್ನು ಮೈದಾನದಲ್ಲೇ ಮಾಡಬೇಕೆಂದಿಲ್ಲ. ಮನೆಯ ಮೇಜಿನ ಮೇಲೆ ಪ್ರೊಪೆಲರ್ ನಾಲ್ಕನ್ನೂ ಬಿಚ್ಚಿಟ್ಟು, ಸ್ವಿಚ್ ಹಾಕಿ, ಆರ್ಮ್ ಮಾಡಿ. ಕಡ್ಡಿ ನಡುವಿದ್ದರೆ ಎಲ್ಲ ಮೋಟರೂ ಸುಮ್ಮನಿರಬೇಕು. ತಳ್ಳಿದರೆ ಒಂದು ಬದಿಯವು ಮಾತ್ರ ತಿರುಗಬೇಕು. ಟರ್ಟಲ್ ಸ್ವಿಚ್ಚನ್ನು ಆರ್ಮ್ ಸ್ವಿಚ್ಚಿನ ಪಕ್ಕದಲ್ಲಿ ಇಟ್ಟುಕೊಳ್ಳಬೇಡಿ.

ಇನ್ನೊಂದು ನಂಬಿಕೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಬಿದ್ದ ಡ್ರೋನ್ ನಿರಪಾಯಕಾರಿ ಎಂಬುದು. ನೀವು ಗಾಗಲ್ಸ್ ಹಾಕಿಕೊಂಡು ಟರ್ಟಲ್ ಮಾಡುತ್ತಿರುವಾಗ ಪಾಪ, ಸಹಾಯಕ್ಕೆಂದು ಗೆಳೆಯನೊಬ್ಬ ಅದನ್ನು ಎತ್ತಲು ಹೊರಟಿರುತ್ತಾನೆ. ನಿಮಗೆ ಕಾಣುವುದು ತಲೆಕೆಳಗಾದ ಹುಲ್ಲು, ಅವನ ಕೈಯಲ್ಲ. ಹಾಗಾಗಿ ನಮ್ಮ ಗುಂಪಿನಲ್ಲಿ ‘ಟರ್ಟಲ್’ ಎಂದು ಕೂಗದೆ ಯಾರೂ ಕಡ್ಡಿ ಮುಟ್ಟುವುದಿಲ್ಲ, ‘ಡಿಸ್‌ಆರ್ಮ್’ ಎಂಬ ಕೂಗು ಕೇಳದೆ ಯಾರೂ ಹಾರಾಟದ ಜಾಗದ ಗೆರೆ ದಾಟುವುದಿಲ್ಲ.